ಕಿಲೋಮೀಟರ್ ಬಿಡಿ, ಸೇತುವೆ ಎಣಿಸಿ

ಅಮ್ಮನಿಗೆ ಮಂಡಿನೋವು. ಮೈಸೂರಿನ ಮನೆಯಲ್ಲಿ ಅವಳು ಮಹಡಿ ಹತ್ತಿ ಮೂರು ವರ್ಷ ಆಗಿತ್ತು. ತಾರಸಿಯಿಂದ ಒಣಗಿದ ಬಟ್ಟೆ ತರೋದು, ಬಿಸಿಲಿಗೆ ಹಾಕಿದ ಸಂಡಿಗೆ ತಿರುವಿ ಹಾಕೋದು ಎಲ್ಲ ಅಪ್ಪನ ಪಾಲಿಗೆ ಬಂದಿತ್ತು. ಅಂಥವಳನ್ನು ವೆನಿಸ್‌ಗೆ ಕರೆದುಕೊಂಡು ಹೋಗಬೇಕು ಅಂತ ನನಗೆ ಯಾಕೆ ಹೊಳೆಯಿತೋ! ಪುಟ್ಟ ಪುಟ್ಟ ದ್ವೀಪಗಳನ್ನು ನಾನೂರಕ್ಕೂ ಹೆಚ್ಚು ಸೇತುವೆಗಳಿಂದ ಹೊಲಿದಿಟ್ಟ ಊರು ಅದು. ಕೆಳಗೆ ದೋಣಿ ಹೋಗಬೇಕಲ್ಲ, ಅದಕ್ಕೆ ಸೇತುವೆಗಳೆಲ್ಲ ಕಮಾನು. ಕಮಾನು ಅಂದಮೇಲೆ ಈ ಕಡೆ ಹತ್ತು ಮೆಟ್ಟಿಲು ಹತ್ತಬೇಕು, ಆ ಕಡೆ ಹತ್ತು ಮೆಟ್ಟಿಲು ಇಳಿಯಬೇಕು. ಕಾರಿಲ್ಲ, ಆಟೋ ಇಲ್ಲ, ಸೈಕಲ್ ಕೂಡ ಬಿಡೋದಿಲ್ಲ.

ಆದರೂ ಹೋದೆವು. 2024ರ ಮೇ ತಿಂಗಳಲ್ಲಿ. ಅಪ್ಪ ಅಮ್ಮ ಮೊದಲ ಸಲ ನನ್ನ ಮನೆಗೆ, ಮ್ಯೂನಿಕ್‌ಗೆ, ಬಂದಿದ್ದರು. ಅಲ್ಲಿಂದ ಆಲ್ಪ್ಸ್ ದಾಟಿ ವೆನಿಸ್‌ಗೆ ನೇರ ರೈಲಿದೆ, ಸುಮಾರು ಏಳು ಗಂಟೆ ದಾರಿ. ನಾನು ಆ ಮೊದಲೇ ಎರಡು ಸಲ ಹೋಗಿ ಬಂದಿದ್ದೆ. ಎರಡು ಸಲವೂ ಉಳಿಯುವ ಜಾಗ ಆರಿಸುವುದರಲ್ಲಿ ಎಡವಿದ್ದೆ. ಆ ಎರಡು ತಪ್ಪು ಮಾಡದೆ ಇದ್ದಿದ್ದರೆ ಮೂರನೆಯ ಸಲ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ, ಅದರಲ್ಲಿ ಸಂಶಯವೇ ಇಲ್ಲ.

ಮೊದಲ ಸಲ ಗೆಳತಿಯ ಜೊತೆ ಹೋದದ್ದು. ಇಬ್ಬರಿಗೂ ಆಗಷ್ಟೇ ಕೆಲಸ ಸಿಕ್ಕಿತ್ತು, ದುಡ್ಡು ಕಮ್ಮಿ. ಬುಕಿಂಗ್ ಆ್ಯಪಿನಲ್ಲಿ ಬೆಲೆ ಕಮ್ಮಿಯಿಂದ ಜಾಸ್ತಿಗೆ ಅಂತ ಜೋಡಿಸಿ ನೋಡಿದರೆ ಮೇಲೆ ಬರುವುದೆಲ್ಲ ಮೆಸ್ತ್ರೆ. ಮೆಸ್ತ್ರೆ ಅನ್ನುವುದು ವೆನಿಸ್‌ನ ಎದುರಿಗೆ ಗಟ್ಟಿ ನೆಲದ ಮೇಲಿರುವ ಊರು. ಆಡಳಿತದ ಲೆಕ್ಕದಲ್ಲಿ ಅದೂ ವೆನಿಸ್ ನಗರಸಭೆಗೇ ಸೇರುತ್ತದೆ. ರೈಲು ಹತ್ತಿದರೆ ಹತ್ತು ನಿಮಿಷದಲ್ಲಿ ನೀರಿನ ಮೇಲೆ ಸಾಗಿ ಸಾಂತಾ ಲೂಚಿಯಾ ನಿಲ್ದಾಣಕ್ಕೆ ಬಂದು ಇಳಿಯಬಹುದು. ಇಷ್ಟು ಹತ್ತಿರ ಇರುವಾಗ ದ್ವೀಪದೊಳಗೆ ದುಡ್ಡು ಸುರಿಯುವವರು ದಡ್ಡರು ಅಂತ ನಾವಿಬ್ಬರೂ ನಕ್ಕಿದ್ದೆವು.

ಜುಲೈ ತಿಂಗಳು. ಬೆಳಿಗ್ಗೆ ತಿಂಡಿ ಮುಗಿಸಿ ಹತ್ತು ಗಂಟೆಗೆ ರೈಲು ಹತ್ತುತ್ತಿದ್ದೆವು. ಜಗತ್ತೇ ಆ ರೈಲು ಹತ್ತುತ್ತಿತ್ತು. ದಿನವಿಡೀ ಬೆವರುತ್ತಾ ಒಬ್ಬರ ಹಿಂದೆ ಒಬ್ಬರು, ದಸರಾ ಮೆರವಣಿಗೆ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಸಿಕ್ಕಿಕೊಂಡ ಹಾಗೆ. ಸಂಜೆ ಆಗುವಷ್ಟರಲ್ಲಿ ಕಾಲು ಸೋತು ಮತ್ತೆ ಅದೇ ಜನರ ಜೊತೆ ಅದೇ ರೈಲು. ರೂಮಿಗೆ ಬಂದು ಸ್ನಾನ ಮಾಡಿ ಹಾಸಿಗೆ ಮೇಲೆ ಬಿದ್ದಮೇಲೆ ಮತ್ತೆ ಹೊರಡುವ ಮನಸ್ಸು ಯಾರಿಗೆ ಬರುತ್ತದೆ? ಹತ್ತೇ ನಿಮಿಷ ನಿಜ. ಆದರೆ ಮೂರು ದಿನದಲ್ಲಿ ಒಂದು ರಾತ್ರಿಯೂ ಆ ಹತ್ತು ನಿಮಿಷವನ್ನು ನಾವು ದಾಟಲಿಲ್ಲ.

ಈ ಕಥೆಯನ್ನು ಅಪ್ಪನಿಗೆ ಹೇಳಿದಾಗ ಅವರು ಒಂದೇ ಮಾತು ಅಂದರು. "ಹಂಪಿ ನೋಡೋಕೆ ಹೋಗಿ ಹೊಸಪೇಟೆಯಲ್ಲಿ ಉಳಿದ ಹಾಗಾಯ್ತು ಬಿಡು." ನಮ್ಮ ಮನೆಯವರು ಯಾವಾಗಲೂ ಉಳಿದದ್ದು ಹೊಸಪೇಟೆಯಲ್ಲೇ. ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜ್, ಬೆಳಿಗ್ಗೆ ಇಡ್ಲಿ ವಡೆ, ಹನ್ನೊಂದಕ್ಕೆ ವಿಜಯ ವಿಠ್ಠಲ ದೇವಸ್ಥಾನ, ತಲೆ ಮೇಲೆ ಸೂರ್ಯ. ಮತಂಗ ಬೆಟ್ಟದ ಮೇಲಿಂದ ಸೂರ್ಯೋದಯ ನೋಡಿದ್ದು ನಾನು ಕಾಲೇಜಿಗೆ ಬಂದಮೇಲೆ, ಆನೆಗೊಂದಿಯಲ್ಲಿ ಯಾರದೋ ಮನೆಯಲ್ಲಿ ಉಳಿದಾಗ. ಎರಡು ಬೇರೆ ಬೇರೆ ಊರು ನೋಡಿದ ಹಾಗಿತ್ತು.

ಮೆಸ್ತ್ರೆಯನ್ನು ಪೂರ್ತಿ ಬೈಯುವುದೂ ತಪ್ಪು. ಕಾರಿನಲ್ಲಿ ಬರುವವರಿಗೆ ಅದೇ ವಾಸಿ, ಯಾಕಂದರೆ ವೆನಿಸ್‌ನೊಳಗೆ ಕಾರು ಹೋಗೋದೇ ಇಲ್ಲ, ಪಿಯಾತ್ಸಾಲೆ ರೋಮಾ ಹತ್ತಿರ ಅದನ್ನು ನಿಲ್ಲಿಸುವ ಬಾಡಿಗೆ ಕೊಡುವಷ್ಟರಲ್ಲಿ ಒಂದು ಊಟ ಹೋಗುತ್ತದೆ. ಇನ್ನೊಂದು, ಮೆಸ್ತ್ರೆಯಲ್ಲಿ ಬಾಂಗ್ಲಾದೇಶದವರು ತುಂಬಾ ಜನ ಇದ್ದಾರೆ. ಹತ್ತಿರದ ಮರ್ಗೇರಾದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ದುಡಿಯಲು ಬಂದು ನೆಲೆಸಿದವರೇ ಹೆಚ್ಚು. ಹಾಗಾಗಿ ಸ್ಟೇಷನ್ ಪಕ್ಕದ ಬೀದಿಗಳಲ್ಲಿ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಬೇಳೆ ಎಲ್ಲ ಸಿಗುತ್ತದೆ. ಮಗು ಇರುವವರು, ಒಂದೇ ದಿನ ಇದ್ದು ಹೋಗುವವರು, ರಾತ್ರಿ ಹೇಗೂ ಹೊರಗೆ ಹೋಗದವರು ಸುಮ್ನೆ ಅಲ್ಲೇ ಉಳಿಯಲಿ.

ಎರಡನೆಯ ಸಲ, 2017ರ ನವೆಂಬರ್‌ನಲ್ಲಿ, ಬುದ್ಧಿ ಬಂದಿದೆ ಅಂದುಕೊಂಡು ದ್ವೀಪದ ಒಳಗೇ ಮನೆ ಹಿಡಿದೆವು. ನಾನು, ನನ್ನ ಗಂಡ. ಜಾಹೀರಾತಿನಲ್ಲಿ "ಸಾನ್ ಮಾರ್ಕೋ ಚೌಕದಿಂದ 5 ನಿಮಿಷ" ಅಂತ ಇತ್ತು. ಫೋಟೋದಲ್ಲಿ ಇಟ್ಟಿಗೆ ಗೋಡೆ, ಮರದ ತೊಲೆ, ಕಿಟಕಿಯಾಚೆ ಹಸಿರು ನೀರು. ಮನೆ ಇದ್ದದ್ದು ಕಸ್ತೆಲ್ಲೋ ಭಾಗದಲ್ಲಿ. ದೋಣಿ ಇಳಿದು ನಡೆಯಲು ಶುರು ಮಾಡಿದೆವು. ಸೂಟ್‌ಕೇಸ್ ಎತ್ತಿಕೊಂಡು ಮೊದಲ ಸೇತುವೆ ಹತ್ತಿ ಇಳಿದೆವು. ಎರಡನೆಯದು. ಮೂರನೆಯದರ ಹೊತ್ತಿಗೆ ನನ್ನ ಗಂಡ ಮಾತು ನಿಲ್ಲಿಸಿದ. ಐದನೆಯದರ ಮೇಲೆ ನಿಂತು ಸೂಟ್‌ಕೇಸಿನ ಮೇಲೆಯೇ ಕೂತುಬಿಟ್ಟ.

ವಿಳಾಸದ್ದು ಇನ್ನೊಂದು ಗೋಳು. ವೆನಿಸ್ ಆರು ಭಾಗ ಆಗಿದೆ, ಒಂದೊಂದಕ್ಕೂ ಸೆಸ್ತಿಯೆರೆ ಅಂತ ಹೆಸರು. ಮನೆ ನಂಬರ್ ಕೊಡುವುದು ಬೀದಿಗಲ್ಲ, ಇಡೀ ಭಾಗಕ್ಕೆ. ಹಾಗಾಗಿ ಕಸ್ತೆಲ್ಲೋದಲ್ಲಿ ನಂಬರ್ ಒಂದರಿಂದ ಶುರುವಾಗಿ ಆರು ಸಾವಿರ ದಾಟುತ್ತದೆ. ಪಕ್ಕದ ಮನೆ ಪಕ್ಕದ ನಂಬರ್ ಅನ್ನುವ ಭರವಸೆ ಮೂಲೆ ತಿರುಗುವ ತನಕ ಮಾತ್ರ. ಬೆಂಗಳೂರಿನ ಮೇನು ಕ್ರಾಸು ಬೈದುಕೊಂಡು ಬೆಳೆದವಳು ನಾನು, ಅವತ್ತು ಆ ಕ್ರಾಸುಗಳ ಮೇಲೆ ಪ್ರೀತಿ ಉಕ್ಕಿ ಬಂತು.

ಕೊನೆಗೂ ಮನೆ ಸಿಕ್ಕಿತು. ನೆಲಮಹಡಿ. ಬಾಗಿಲು ತೆಗೆದ ತಕ್ಷಣ ಮೂಗಿಗೆ ಬಂದದ್ದು ಮಲೆನಾಡಿನ ಮನೆಯಲ್ಲಿ ಶ್ರಾವಣದಲ್ಲಿ ಬೀರು ತೆಗೆದರೆ ಬರುತ್ತದಲ್ಲ, ಆ ವಾಸನೆ. ಗೋಡೆಯ ಕೆಳಗಿನ ಎರಡಡಿ ಸುಣ್ಣ ಊದಿಕೊಂಡು ಹಪ್ಪಳದ ಹಾಗೆ ಎದ್ದಿತ್ತು. ಬಾಗಿಲ ಹಿಂದೆ ಒಂದು ಲೋಹದ ಹಲಗೆ ಒರಗಿಸಿಟ್ಟಿದ್ದರು, ಮಂಡಿಯೆತ್ತರ, ಅಂಚಿಗೆಲ್ಲ ರಬ್ಬರ್. ಬಾಗಿಲ ಚೌಕಟ್ಟಿನ ಎರಡೂ ಕಡೆ ಅದು ಕೂರುವುದಕ್ಕೆ ತೋಡು ಕೊರೆದಿತ್ತು. ಮೇಜಿನ ಮೇಲಿನ ಚೀಟಿಯಲ್ಲಿ ವೈಫೈ ಪಾಸ್‌ವರ್ಡ್, ಕಸ ಹಾಕುವ ದಿನ, ಅದರ ಕೆಳಗೆ ಅಷ್ಟೇ ಸಹಜವಾಗಿ, ಸಮುದ್ರದ ನೀರು ಏರಿ ಬರುತ್ತಿದೆ ಅಂತ ಸೈರನ್ ಕೂಗಿದರೆ ಈ ಹಲಗೆಯನ್ನು ಬಾಗಿಲಿಗೆ ಇಳಿಸಿ, ನೆಲದ ಮೇಲಿನ ವಸ್ತುಗಳನ್ನು ಮೇಲೆತ್ತಿಡಿ ಅಂತ.

ನಾವು ಹೋದ ವಾರ ಸೈರನ್ ಕೂಗಲಿಲ್ಲ. ಆದರೆ ಮೂರು ರಾತ್ರಿಯೂ ಅದು ಕೂಗುತ್ತದೇನೋ ಅಂತ ಕಿವಿ ಕೊಟ್ಟುಕೊಂಡೇ ಮಲಗಿದ್ದಾಯಿತು. ಸೂಟ್‌ಕೇಸ್ ಎರಡೂ ಅಡುಗೆ ಕಟ್ಟೆಯ ಮೇಲೆ. ಎರಡು ವರ್ಷ ಆದಮೇಲೆ, 2019ರ ನವೆಂಬರ್ 12ರ ರಾತ್ರಿ, ನೀರು 187 ಸೆಂಟಿಮೀಟರ್ ಏರಿತು ಅಂತ ಸುದ್ದಿ ನೋಡಿದಾಗ ನನಗೆ ನೆನಪಾದದ್ದು ಸಾನ್ ಮಾರ್ಕೋ ಚರ್ಚಲ್ಲ, ಆ ಮಂಡಿಯೆತ್ತರದ ಹಲಗೆ. ಈಗ ಪರಿಸ್ಥಿತಿ ಸುಧಾರಿಸಿದೆ. ಸಮುದ್ರದ ನೀರು ಒಳಗೆ ಬರುವ ಮೂರು ಬಾಯಿಗಳಲ್ಲಿ ತಳಕ್ಕೆ ಮಲಗಿಸಿಟ್ಟ 78 ಉಕ್ಕಿನ ಬಾಗಿಲುಗಳಿವೆ, ಮೋಸೆ ಅಂತ ಅದರ ಹೆಸರು. ಭರತ ಜೋರಾಗಿ ಬರುತ್ತದೆ ಅಂದಾಗ ಒಳಗಿನ ನೀರು ಹೊರದಬ್ಬಿ ಗಾಳಿ ತುಂಬಿಸಿದರೆ ಅವು ಎದ್ದು ನಿಲ್ಲುತ್ತವೆ. 2020ರ ಅಕ್ಟೋಬರ್ 3ರಂದು ಮೊದಲ ಸಲ ಊರನ್ನು ಅದು ಕಾಪಾಡಿತು. ಹಾಗಿದ್ದರೂ ಅಕ್ಟೋಬರ್‌ನಿಂದ ಜನವರಿ ಒಳಗೆ ಹೋಗುವವರು ನೆಲಮಹಡಿ ಮನೆ ಹಿಡಿಯಬೇಡಿ. ನೀರು ಬರದೆ ಇರಬಹುದು, ತೇವ ಅಂತೂ ಇದ್ದೇ ಇರುತ್ತದೆ.

ಹಾಗಂತ ಮೂರನೇ ಮಹಡಿ ಹಿಡಿದರೆ ಲಿಫ್ಟ್ ಇರೋದಿಲ್ಲ. ಐನೂರು ವರ್ಷದ ಕಟ್ಟಡಕ್ಕೆ ಲಿಫ್ಟ್ ಕೂರಿಸುವುದು ಸುಲಭವಲ್ಲ, ಅನುಮತಿಯೂ ಸಿಗೋದಿಲ್ಲ. ಮೊದಲ ಮಹಡಿ ಸಿಕ್ಕಿದರೆ ಅದೇ ಪುಣ್ಯ.

ಐದನೇ ಸೇತುವೆಯ ಮೇಲೆ ಕೂತ ಗಂಡನನ್ನು ನೋಡಿದಾಗ ನನಗೆ ಗೊತ್ತಾದದ್ದನ್ನೇ ಈಗ ಎಲ್ಲರಿಗೂ ಹೇಳುವುದು. ವೆನಿಸ್‌ನಲ್ಲಿ ದೂರವನ್ನು ಮೀಟರ್‌ನಲ್ಲಿ ಅಳೆಯಬೇಡಿ, ನಿಮಿಷದಲ್ಲೂ ಅಳೆಯಬೇಡಿ. ಮನೆಗೂ ಹತ್ತಿರದ ದೋಣಿ ನಿಲ್ದಾಣಕ್ಕೂ ನಡುವೆ ಎಷ್ಟು ಸೇತುವೆ ಇದೆ, ಅದನ್ನು ಎಣಿಸಿ. ಫೋನಿನಲ್ಲಿ ನಕ್ಷೆ ಹಿಗ್ಗಿಸಿ, ದಾರಿಯ ಗೆರೆ ನೀಲಿ ಬಣ್ಣವನ್ನು ಎಷ್ಟು ಸಲ ದಾಟುತ್ತದೆ ಅಂತ ಬೆರಳಿಟ್ಟು ನೋಡಿದರೆ ಸಾಕು. ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುವ ಜಾಗಕ್ಕೂ ಮೋಸ ಹೋಗಬಾರದು. ಊರ ನಡುವೆ ಹಾವಿನ ಹಾಗೆ ಸಾಗುವ ದೊಡ್ಡ ಕಾಲುವೆಗೆ, ಅಂದರೆ ಗ್ರಾಂಡ್ ಕೆನಾಲ್‌ಗೆ, ಇರುವುದು ನಾಲ್ಕೇ ಸೇತುವೆ. ಎದುರು ದಡದಲ್ಲಿ ಬಟ್ಟೆ ಒಣಗಿಸುವವರ ಮುಖ ಕಾಣುತ್ತಿರುತ್ತದೆ, ಅಲ್ಲಿಗೆ ಹೋಗಬೇಕಾದರೆ ಅರ್ಧ ಗಂಟೆ ಸುತ್ತಬೇಕು.

ಯಾವ ಭಾಗ ಒಳ್ಳೆಯದು ಅಂತ ಜನ ಕೇಳುತ್ತಾರೆ. ಸಾನ್ ಮಾರ್ಕೋ ಭಾಗ ದುಬಾರಿ, ಹೋಟೆಲು ಅಂಗಡಿ ಬಿಟ್ಟರೆ ದಿನಸಿ ಸಿಗೋದೂ ಕಷ್ಟ. ಡೊರ್ಸೊದೂರೋ ನನಗೆ ತುಂಬಾ ಇಷ್ಟ, ವಿಶ್ವವಿದ್ಯಾಲಯದ ಹುಡುಗರು ಇರುವ ಕಡೆ, ದಕ್ಷಿಣಕ್ಕೆ ತ್ಸಾತ್ತೆರೆ ಅಂತ ಉದ್ದನೆಯ ದಂಡೆ, ಚಳಿಗಾಲದಲ್ಲಿ ಬಿಸಿಲು ಕಾಯಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಾನ್ ಪೋಲೋದಲ್ಲಿ ರಿಯಾಲ್ಟೋ ಮಾರುಕಟ್ಟೆ, ತರಕಾರಿ ಕೊಳ್ಳಲು ಅನುಕೂಲ, ಆದರೆ ಪಕ್ಕದಲ್ಲೇ ಮೀನು. ಕಸ್ತೆಲ್ಲೋದ ಪೂರ್ವದ ತುದಿ ಶಾಂತ, ಮರಗಿಡ ಇದೆ, ಮಕ್ಕಳು ಚೆಂಡಾಡುತ್ತಾರೆ, ಆದರೆ ರೈಲು ನಿಲ್ದಾಣದಿಂದ ಊರಿನ ಇನ್ನೊಂದು ತುದಿ ಅದು. ಜುದೆಕ್ಕಾ, ಲೀದೋ ಎಲ್ಲ ಬೇರೆ ದ್ವೀಪಗಳು, ಪ್ರತಿ ಸಲ ದೋಣಿಗೆ ಕಾಯಬೇಕು. ಗೋಂದೋಲಾ ಬಗ್ಗೆ ಕೇಳಬೇಡಿ, ನಾನು ಇನ್ನೂ ಹತ್ತಿಲ್ಲ.

ಅಮ್ಮನಿಗಾಗಿ ಹುಡುಕಿದಾಗ ಇದೆಲ್ಲ ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿಕೊಂಡೆ. ರೈಲು ಇಳಿದು ಸೊನ್ನೆ ಸೇತುವೆಯಲ್ಲಿ ತಲುಪುವ ಮನೆ ಯಾವುದು?

ಉತ್ತರ ಇತ್ತು. ನಿಲ್ದಾಣದಿಂದ ಹೊರಗೆ ಬಂದು ಎಡಕ್ಕೆ ತಿರುಗಿದರೆ ಲಿಸ್ತಾ ದಿ ಸ್ಪಾನ್ಯಾ ಅನ್ನುವ ಬೀದಿ. ಅದು ಕನ್ನರೇಜೋ ಭಾಗ. ಅಲ್ಲಿಂದ ಗೂಲ್ಯೆ ಸೇತುವೆಯವರೆಗೆ ಒಂದೂ ಸೇತುವೆ ಇಲ್ಲ, ಸಪಾಟು ನೆಲ. ಓದಿದವರೆಲ್ಲ ಆ ಬೀದಿಗೆ ಮೂಗು ಮುರಿಯುತ್ತಾರೆ. ಪ್ಲಾಸ್ಟಿಕ್ ಮುಖವಾಡ, ಫ್ರಿಜ್ಜಿಗೆ ಅಂಟಿಸುವ ಗೊಂಬೆ, ಫೋಟೋ ಹಾಕಿದ ಮೆನು ಹಿಡಿದು ಕರೆಯುವ ಹೋಟೆಲಿನವರು. ಚೆನ್ನಾಗಿಲ್ಲ ಅನ್ನೋದು ನಿಜ, ನಾನೂ ಒಪ್ಪುತ್ತೇನೆ. ಆದರೆ ಅದರಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಸಣ್ಣ ಓಣಿಯಲ್ಲಿ, ಮೊದಲ ಮಹಡಿಯ ಮನೆ ಸಿಕ್ಕಿತು. ಹದಿನೆಂಟು ಮೆಟ್ಟಿಲು, ಹಿಡಿಕೆ ಇತ್ತು. ಬಾಡಿಗೆ ಮೆಸ್ತ್ರೆಯಲ್ಲಿ ಕೊಡುವುದರ ಎರಡು ಪಟ್ಟು ಹತ್ತಿರ. ಅಪ್ಪನಿಗೆ ಅರ್ಧ ಹೇಳಿದೆ, ಅದನ್ನೇ ಕೇಳಿ "ಅಬ್ಬಾ" ಅಂದರು.

ಆ ವರ್ಷವೇ ವೆನಿಸ್‌ನವರು ಒಂದು ದಿನಕ್ಕೆ ಬಂದು ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಶುರು ಮಾಡಿದ್ದರು, ಏಪ್ರಿಲ್ 25ರಿಂದ, ಜನ ಜಾಸ್ತಿ ಬರುವ ಕೆಲವು ದಿನ ಮಾತ್ರ. ರಾತ್ರಿ ಉಳಿಯುವವರಿಗೆ ವಿನಾಯಿತಿ, ಮೆಸ್ತ್ರೆಯಲ್ಲಿ ಉಳಿದರೂ ಸರಿ, ಯಾಕಂದರೆ ಅವರು ಹೇಗೂ ರಾತ್ರಿಗಿಷ್ಟು ಅಂತ ಪ್ರವಾಸಿ ತೆರಿಗೆ ಕೊಟ್ಟಿರುತ್ತಾರೆ. ಆದರೆ ಆನ್‌ಲೈನ್‌ನಲ್ಲಿ ಹೆಸರು ಕೊಟ್ಟು ಕ್ಯೂಆರ್ ಕೋಡ್ ತೆಗೆದುಕೊಳ್ಳಬೇಕು. ಅಪ್ಪ ಅದನ್ನು ಮೂರು ಪ್ರತಿ ಪ್ರಿಂಟ್ ಮಾಡಿಸಿಕೊಂಡು ಪಾಸ್‌ಪೋರ್ಟ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಯಾರೂ ಕೇಳಲಿಲ್ಲ. ಅವರಿಗೆ ಸ್ವಲ್ಪ ಬೇಜಾರೇ ಆಯಿತು.

ಮನೆಗೆ ಹೋದ ತಕ್ಷಣ ಅಮ್ಮ ಹೊಕ್ಕಿದ್ದು ಅಡುಗೆಮನೆ. ಹೋಟೆಲ್ ರೂಮ್ ಬೇಡ, ಅಡುಗೆ ಮಾಡಿಕೊಳ್ಳುವ ಹಾಗಿರಬೇಕು ಅನ್ನುವುದು ಅವಳ ಒಂದೇ ಷರತ್ತು. ಕಪಾಟು ತೆಗೆದು, ಪಾತ್ರೆ ಒಂದೊಂದೇ ಮೂಸಿ ನೋಡಿ, ಒಂದು ಅಲ್ಯೂಮಿನಿಯಂ ಕೂಜ ಹೊರಗಿಟ್ಟಳು. ಎಂಟು ಮುಖದ್ದು, ಸೊಂಟ ಸಣ್ಣ, ಕಪ್ಪು ಹಿಡಿ. "ಇದೇನೇ ಇದು, ಕಾಫಿ ಫಿಲ್ಟರ್ ತಲೆಕೆಳಗಾದ ಹಾಗಿದೆ?"

ಅದು ಮೋಕಾ. ಇಟಲಿಯ ಯಾವ ಮನೆ ಬಾಡಿಗೆಗೆ ಹಿಡಿದರೂ ಫ್ರಿಜ್ ಇಲ್ಲದೆ ಇರಬಹುದು, ಮೋಕಾ ಇಲ್ಲದೆ ಇರೋದಿಲ್ಲ. ಅಮ್ಮ ಹೇಳಿದ್ದು ಪೂರ್ತಿ ಸರಿ. ನಮ್ಮ ಫಿಲ್ಟರಿನಲ್ಲಿ ನೀರು ಮೇಲಿಂದ ಕೆಳಗೆ ಇಳಿಯುತ್ತದೆ, ಇದರಲ್ಲಿ ಆವಿಯ ಒತ್ತಡಕ್ಕೆ ಕೆಳಗಿಂದ ಮೇಲೇರುತ್ತದೆ. ಅವಳ ಬ್ಯಾಗಿನಲ್ಲಿ ಮೈಸೂರಿನ ದೇವರಾಜ ಮಾರುಕಟ್ಟೆ ಕಡೆಯ ಅಂಗಡಿಯಲ್ಲಿ ಪುಡಿ ಮಾಡಿಸಿದ ಕಾಫಿಪುಡಿ ಇತ್ತು, ಚಿಕೋರಿ ಬೆರೆಸಿದ್ದು. ಮೊದಲ ದಿನ ಒತ್ತಿ ತುಂಬಿದಳು. ಚಿಕೋರಿ ಕಟ್ಟಿಕೊಂಡು ಡಿಕಾಕ್ಷನ್ ಮೇಲೇರದೆ ಮೋಕಾ ಬುಸುಗುಟ್ಟಿತು, ಪಕ್ಕದಿಂದ ಆವಿ ಹಾರಿತು, ಅಪ್ಪ ಅಡುಗೆಮನೆಯಿಂದ ಆಚೆ ಓಡಿದರು. ಎರಡನೆಯ ದಿನ ಒತ್ತದೆ ಸಡಿಲವಾಗಿ ತುಂಬಿ, ಉರಿ ಸಣ್ಣ ಇಟ್ಟು, ಪಕ್ಕದಲ್ಲಿ ನಿಂತೇ ಇದ್ದಳು. ಗೊರಗೊರ ಸದ್ದಾಗಿ ಕಪ್ಪಗೆ ಮೇಲೆ ಬಂತು. ರುಚಿ ನೋಡಿ, "ಪರವಾಗಿಲ್ಲ. ಎರಡನೇ ಡಿಕಾಕ್ಷನ್ ಥರ ಇದೆ" ಅಂದಳು. ಅನ್ನಕ್ಕೆ ಅಲ್ಲಿನ ರಿಸೊಟ್ಟೋ ಅಕ್ಕಿ ತಂದಿದ್ದೆ. ಗುಂಡಗೆ, ಅಂಟು ಜಾಸ್ತಿ, ಬೇರೆಯದಕ್ಕೆ ಬರೋದಿಲ್ಲ. ಆದರೆ ಆ ಅಕ್ಕಿಯ ಮೊಸರನ್ನ ಇದೆಯಲ್ಲ, ಮೈಸೂರಿನಲ್ಲೂ ಅಷ್ಟು ಚೆನ್ನಾಗಿ ಆಗಿಲ್ಲ ನಮಗೆ.

ನಿಲ್ದಾಣದ ಎದುರಿಗೇ ವಪೊರೆಟ್ಟೋ ಹತ್ತುವ ಜಾಗ. ವಪೊರೆಟ್ಟೋ ಅಂದರೆ ನೀರಿನ ಸಿಟಿ ಬಸ್. ಒಂದು ಸಲದ ಟಿಕೆಟ್‌ಗೆ 9.50 ಯೂರೋ, 75 ನಿಮಿಷ ನಡೆಯುತ್ತದೆ. ಹೊಟ್ಟೆ ಉರಿಯುವ ಬೆಲೆ. ಮೂರು ದಿನದ ಪಾಸ್ 45 ಯೂರೋ ಇತ್ತು, ಅದನ್ನು ತೆಗೆದುಕೊಂಡೆವು. ಮಂಡಿನೋವಿನವರಿಗೆ ಈ ಪಾಸೇ ದೊಡ್ಡ ಔಷಧಿ, ಯಾಕಂದರೆ ನಿಲ್ದಾಣ ತೇಲುವ ಕಟ್ಟೆ, ದೋಣಿಯ ಅಂಚೂ ಅದೇ ಎತ್ತರಕ್ಕೆ ಬಂದು ನಿಲ್ಲುತ್ತದೆ, ಒಂದು ಹೆಜ್ಜೆ ಮುಂದಿಟ್ಟರೆ ಒಳಗೆ. ದೋಣಿ ಹತ್ತಿರ ಬಂದ ಹಾಗೆ ಒಬ್ಬಳು ಹುಡುಗಿ ದಪ್ಪ ಹಗ್ಗವನ್ನು ಕಂಬಕ್ಕೆ ಎಸೆದು ಎರಡು ಸುತ್ತು ಬಿಗಿಯುತ್ತಾಳೆ, ಹಗ್ಗ ಕಿರ್ರ್ ಅನ್ನುತ್ತದೆ, ಕಬ್ಬಿಣದ ಗೇಟು ಸರಿಸುತ್ತಾಳೆ, ಒಳಗೆ ಹೋಗಿ ಒಳಗೆ ಹೋಗಿ ಅಂತ ಇಟಾಲಿಯನ್‌ನಲ್ಲಿ ಗದರಿಸುತ್ತಾಳೆ. "ನಮ್ಮ 201ರ ಕಂಡಕ್ಟರ್ ಥರಾನೇ" ಅಂತ ಅಮ್ಮನಿಗೆ ಖುಷಿ.

ಯಾವ ನಿಲ್ದಾಣದಲ್ಲಿ ಇಳಿಯಬೇಕು ಅನ್ನುವುದರಲ್ಲೂ ಸೇತುವೆ ಲೆಕ್ಕ ಇದೆ. ಸಾನ್ ಮಾರ್ಕೋ ಚೌಕಕ್ಕೆ ಹೋಗುವವರು ಸಾನ್ ತ್ಸಕರಿಯಾದಲ್ಲಿ ಇಳಿದರೆ ಸೇತುವೆ ಹತ್ತಿ ಇಳಿಯಬೇಕು, ಅದೂ ಫೋಟೋ ತೆಗೆಯುವವರ ನೂಕುನುಗ್ಗಲಿನಲ್ಲಿ. ಅದರ ಹಿಂದಿನ ನಿಲ್ದಾಣ ವಲ್ಲರೆಸ್ಸೋದಲ್ಲಿ ಇಳಿದು ಎದುರಿನ ಓಣಿ ಹಿಡಿದು ಬಲಕ್ಕೆ ತಿರುಗಿದರೆ ಒಂದೂ ಮೆಟ್ಟಿಲಿಲ್ಲದೆ ಚೌಕಕ್ಕೆ ಬರಬಹುದು. ರಿಯಾಲ್ಟೋ ಮಾರುಕಟ್ಟೆಗೂ ಹಾಗೇ, ರಿಯಾಲ್ಟೋ ಮೆರ್ಕಾತೋ ಅಂತ ಬೇರೆ ನಿಲ್ದಾಣ ಇದೆ, ಸೇತುವೆ ಹತ್ತಬೇಕಿಲ್ಲ. ಇದನ್ನೆಲ್ಲ ನಾನು ರಾತ್ರಿ ಕೂತು ನಕ್ಷೆಯಲ್ಲಿ ನೋಡಿಟ್ಟುಕೊಂಡಿದ್ದೆ. ಪರೀಕ್ಷೆಗೂ ಅಷ್ಟು ಓದಿರಲಿಲ್ಲ.

ಒಂದನೇ ನಂಬರ್ ದೋಣಿ ದೊಡ್ಡ ಕಾಲುವೆಯುದ್ದಕ್ಕೂ ಪ್ರತಿ ನಿಲ್ದಾಣದಲ್ಲೂ ನಿಂತು ನಿಂತು ಹೋಗುತ್ತದೆ. ಅವಸರ ಇಲ್ಲದವರಿಗೆ ಅದೇ ಸರಿ. ಬಲಗಡೆಗೆ ಉದ್ದನೆಯ ಕಮಾನು ಸಾಲಿನ ಒಂದು ಬಿಳಿ ಕಟ್ಟಡ ಬಂತು, ಫೊಂದಕೋ ದೇಯಿ ತುರ್ಕಿ, ಈಗ ಪ್ರಾಣಿ ಪಕ್ಷಿಗಳ ಮ್ಯೂಸಿಯಂ. 1621ರಿಂದ ವೆನಿಸ್‌ಗೆ ಬರುವ ತುರ್ಕಿ ವ್ಯಾಪಾರಿಗಳು ಅಲ್ಲೇ ಉಳಿಯಬೇಕಿತ್ತು. ಮುಂದೆ ರಿಯಾಲ್ಟೋ ಸೇತುವೆ ಪಕ್ಕದಲ್ಲಿ ಫೊಂದಕೋ ದೇಯಿ ತೆದೆಸ್ಕಿ, ಅಂದರೆ ಜರ್ಮನರ ಛತ್ರ. ಜರ್ಮನ್ ವ್ಯಾಪಾರಿಗಳು ಬೇರೆ ಎಲ್ಲೂ ಇಳಿಯುವ ಹಾಗಿರಲಿಲ್ಲ. ಸರಕೂ ಅಲ್ಲೇ, ಹಾಸಿಗೆಯೂ ಅಲ್ಲೇ, ತೆರಿಗೆ ಲೆಕ್ಕ ಬರೆಯುವವನೂ ಅಲ್ಲೇ. ಫೊಂದಕೋ ಅನ್ನುವ ಮಾತೇ ಅರಬ್ಬಿಯ ಫುಂದುಕ್‌ನಿಂದ ಬಂದದ್ದು, ಛತ್ರ ಅಂತಲೇ ಅರ್ಥ. ಎಲ್ಲಿ ಉಳಿಯೋಣ ಅಂತ ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ಐನೂರು ವರ್ಷ ಮೊದಲು ಮ್ಯೂನಿಕ್‌ನಿಂದ ಬಂದಿದ್ದರೆ ಸರ್ಕಾರವೇ ಕೈ ಹಿಡಿದು ಆ ಕಟ್ಟಡಕ್ಕೆ ಕರೆದುಕೊಂಡು ಹೋಗುತ್ತಿತ್ತು.

ಆ ಛತ್ರದಿಂದ ಜರ್ಮನರು ಹೊತ್ತುಕೊಂಡು ಹೋಗುತ್ತಿದ್ದ ಸರಕಿನಲ್ಲಿ ನಮ್ಮ ಕಡೆಯ ಕಾಳುಮೆಣಸೂ ಇತ್ತು. ಪಶ್ಚಿಮ ಕರಾವಳಿಯಿಂದ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ವೆನಿಸ್‌ಗೆ. ಇದನ್ನು ಹೇಳುತ್ತಿದ್ದ ಹಾಗೆ ಅಪ್ಪನಿಗೆ ಹೈಸ್ಕೂಲ್ ಪಾಠ ನೆನಪಾಯಿತು. "ನಿಕೊಲೊ ಕೊಂಟಿ ಇಲ್ಲಿಯವನೇ ಅಲ್ವಾ?" ಹೌದು, ಇಲ್ಲಿಯವನೇ. ಇದೇ ಹಿನ್ನೀರಿನ ದಕ್ಷಿಣ ತುದಿಯ ಕಿಯೋಜ್ಜಾ ಊರಿನವನು, 1420ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ. ಊರಿನ ಸುತ್ತಳತೆ ಅರವತ್ತು ಮೈಲಿ ಅಂತ ಹೇಳಿದ್ದು ಅವನೇ. ಅಪ್ಪ ಸ್ವಲ್ಪ ಹೊತ್ತು ನೀರು ನೋಡುತ್ತಾ ಇದ್ದು, "ಅವನು ಹಂಪಿಗೆ ಬಂದಾಗ ಹೊಸಪೇಟೆ ಇರಲಿಲ್ಲ ನೋಡು, ಊರೊಳಗೇ ಉಳಿದಿರಬೇಕು" ಅಂದರು.

ಗೂಲ್ಯೆ ಸೇತುವೆ ಅಮ್ಮನ ಮೊದಲ ಸೇತುವೆ. ಮೆಟ್ಟಿಲು ಅಗಲ, ಎತ್ತರ ಕಮ್ಮಿ. ಹಿಡಿಕೆ ಹಿಡಿದು ಒಂದೊಂದೇ ಹತ್ತಿದಳು. ಅದನ್ನು ದಾಟಿ ಎಡಕ್ಕೆ ಹೋಗಿ, ಒಂದು ಕಟ್ಟಡದ ಕೆಳಗಿನ ತಗ್ಗು ದಾರಿ ಹೊಕ್ಕು, ಇನ್ನೊಂದು ಸಣ್ಣ ಸೇತುವೆ ದಾಟಿದರೆ ಗೆಟ್ಟೋ. ಎಲ್ಲಿ ಉಳಿಯಬೇಕು ಅಂತ ಸರ್ಕಾರ ಹೇಳುತ್ತಿದ್ದದ್ದರ ಕ್ರೂರ ರೂಪ ಇಲ್ಲಿದೆ. 1516ರಲ್ಲಿ ಯಹೂದಿಗಳನ್ನೆಲ್ಲ ಈ ಒಂದು ಪುಟ್ಟ ದ್ವೀಪಕ್ಕೆ ಕಳಿಸಿ, ರಾತ್ರಿ ಬಾಗಿಲು ಹಾಕಿ, ಕಾವಲು ಇಟ್ಟರು. ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕಿತ್ತು. 1797ರಲ್ಲಿ ನೆಪೋಲಿಯನ್ನನ ಸೈನ್ಯ ಬಂದಮೇಲೆ ಬಾಗಿಲು ಕಿತ್ತದ್ದು. ಗೆಟ್ಟೋ ಅನ್ನುವ ಪದ ಜಗತ್ತಿಗೆ ಹರಡಿದ್ದು ಇಲ್ಲಿಂದ. ಜಾಗ ಬೆಳೆಯುವ ಹಾಗಿಲ್ಲ, ಜನ ಬೆಳೆದರು, ಹಾಗಾಗಿ ಮನೆಗಳು ಮೇಲಕ್ಕೆ ಹೋದವು. ವೆನಿಸ್‌ನಲ್ಲಿ ಬೇರೆಲ್ಲೂ ಕಾಣದಷ್ಟು ಎತ್ತರ, ಏಳೆಂಟು ಅಂತಸ್ತು, ಕಿಟಕಿಗಳು ಒಂದರ ತಲೆಗೆ ಒಂದು ತಾಗುವ ಹಾಗೆ. ಒಳಗೆ ಸೂರು ಎಷ್ಟು ತಗ್ಗಿರಬೇಕು ಅಂತ ಹೊರಗಿನಿಂದಲೇ ಗೊತ್ತಾಗುತ್ತದೆ. ಅಮ್ಮ ಬೆಂಚಿನ ಮೇಲೆ ಕೂತು ಕಿಟಕಿ ಎಣಿಸಿದಳು. "ಮೇಲಿನವರು ದಿನಾ ಎಷ್ಟು ಮೆಟ್ಟಿಲು ಹತ್ತುತ್ತಿದ್ದರೋ, ಪಾಪ."

ನಮ್ಮ ಮನೆಯ ಬೀದಿಬಾಗಿಲಿನ ಪಕ್ಕ ಹಿತ್ತಾಳೆಯ ಒಂದು ಫಲಕ ಇತ್ತು, ಆರು ಕರೆಗಂಟೆ. ಎರಡಕ್ಕೆ ಮಾತ್ರ ಮನುಷ್ಯರ ಹೆಸರು. ಉಳಿದ ನಾಲ್ಕರ ಮೇಲೆ ಹೆಸರಿನ ತಗಡು ಕಿತ್ತು 1, 2, 3, 4 ಅಂತ ಸ್ಟಿಕ್ಕರ್ ಅಂಟಿಸಿದ್ದರು. ನಾವು 2. ಹೆಸರಿದ್ದ ಎರಡರಲ್ಲಿ ಒಂದು ಮೇಲಿನ ಮನೆಯ ಅಜ್ಜಿಯದು. ಅಮ್ಮನ ವಯಸ್ಸಿಗಿಂತ ಹತ್ತು ವರ್ಷ ಜಾಸ್ತಿ ಇರಬಹುದು, ಚಕ್ರದ ತರಕಾರಿ ಚೀಲವನ್ನು ಮೆಟ್ಟಿಲು ಮೆಟ್ಟಿಲಿಗೂ ಕುಕ್ಕುತ್ತಾ ಮೇಲೆಳೆದುಕೊಂಡು ಹೋಗುತ್ತಿತ್ತು. ಮೊದಲ ದಿನ ನಮ್ಮ ಸೂಟ್‌ಕೇಸ್ ನೋಡಿ ಮುಖ ಗಂಟು ಹಾಕಿಕೊಂಡಿತು. ಮೂರನೆಯ ದಿನ ಅಪ್ಪ ಹೋಗಿ ಚೀಲ ಹಿಡಿದುಕೊಂಡರು. ಅಜ್ಜಿ ಏನೋ ಅಂದಿತು, ಬೈಗುಳವೋ ಆಶೀರ್ವಾದವೋ ಅಪ್ಪನಿಗೆ ತಿಳಿಯಲಿಲ್ಲ.

1951ರಲ್ಲಿ ಈ ದ್ವೀಪನಗರದಲ್ಲಿ ಸುಮಾರು 1,75,000 ಜನ ಇದ್ದರು. 2022ರಲ್ಲಿ ಲೆಕ್ಕ 50,000ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೋ ಪಕ್ಕದ ಸಾನ್ ಬಾರ್ತೊಲೊಮಿಯೋ ಚೌಕದಲ್ಲಿ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಈ ಸಂಖ್ಯೆಯನ್ನು ಕೆಂಪು ದೀಪದಲ್ಲಿ ತೋರಿಸುತ್ತಾರೆ, ಕ್ರಿಕೆಟ್ ಸ್ಕೋರ್ ಬೋರ್ಡ್ ಹಾಗೆ, ಇಳಿಯುವ ಸ್ಕೋರು. ಅದರ ಮುಂದೆ ನಿಂತಾಗ ನನಗೆ ಸ್ವಲ್ಪ ಮುಜುಗರ ಆಯಿತು ಅನ್ನೋದನ್ನು ಮುಚ್ಚಿಡುವುದಿಲ್ಲ. ಕರೆಗಂಟೆಯ ಫಲಕದಿಂದ ಆ ನಾಲ್ಕು ಹೆಸರು ಕಿತ್ತದ್ದು ನನ್ನಂಥವರಿಗೋಸ್ಕರವೇ ತಾನೆ. ಹೋಟೆಲಿನಲ್ಲಿ ಉಳಿದಿದ್ದರೆ ಅಷ್ಟರ ಮಟ್ಟಿಗೆ ವಾಸಿ. ಆದರೆ ಹೋಟೆಲಿನಲ್ಲಿ ಮೊಸರನ್ನ ಆಗೋದಿಲ್ಲ, ಅಮ್ಮ ಮೂರು ದಿನ ಬ್ರೆಡ್ಡು ತಿಂದು ಇರೋದಿಲ್ಲ. ಹಂಪಿ ಬಜಾರಿನ ಸಾಲುಮನೆಗಳನ್ನು 2011ರಲ್ಲಿ ಜೆಸಿಬಿ ತಂದು ಕೆಡವಿದಾಗ ಅಲ್ಲಿದ್ದವರನ್ನು ನೋಡಿ ಅಯ್ಯೋ ಅಂದವಳು ನಾನು. ಇಲ್ಲಿ ಜೆಸಿಬಿ ಬರಲಿಲ್ಲ, ಬಾಡಿಗೆ ಬಂತು. ನನ್ನ ಹತ್ತಿರ ಇದಕ್ಕೆ ಉತ್ತರ ಇಲ್ಲ. ಸರ್ಕಾರದ ನೋಂದಣಿ ಸಂಖ್ಯೆ ಇರುವ ಮನೆಯನ್ನೇ ಹಿಡಿದಿದ್ದೆ, ಅದಷ್ಟೇ.

ರಾತ್ರಿಗಳ ಬಗ್ಗೆ ಹೇಳದೆ ಹೋದರೆ ದುಡ್ಡು ಯಾಕೆ ಕೊಟ್ಟೆವು ಅಂತ ತಿಳಿಯೋದಿಲ್ಲ. ಎಂಟು ಗಂಟೆ ದಾಟಿದಮೇಲೆ ದಿನಕ್ಕೆ ಬಂದವರೆಲ್ಲ ರೈಲು ಹತ್ತಿರುತ್ತಾರೆ. ನಾವು ಊಟ ಮುಗಿಸಿ, ಅಮ್ಮ ಕಾಲಿಗೆ ಎಣ್ಣೆ ಹಚ್ಚಿಕೊಂಡು, ಒಂದು ಸ್ವೆಟರ್ ಹಾಕಿಕೊಂಡು, ಪಕ್ಕದ ಬೀದಿಗೆ ಹೋಗಿ ಬರುವವರ ಹಾಗೆ ಹೊರಡುತ್ತಿದ್ದೆವು. ವಲ್ಲರೆಸ್ಸೋದಲ್ಲಿ ಇಳಿದು ಚೌಕಕ್ಕೆ ಹೋದರೆ ಫ್ಲೋರಿಯಾನ್ ಕೆಫೆ ಮುಂದೆ ಪಿಟೀಲು, ಪಿಯಾನೋ. 1720ರಿಂದ ನಡೆಯುತ್ತಿರುವ ಕಾಫಿ ಅಂಗಡಿ ಅದು. ಕೂತರೆ ಕಾಫಿಯ ಜೊತೆ ಸಂಗೀತಕ್ಕೂ ಬಿಲ್ ಹಾಕುತ್ತಾರೆ. ನಿಂತು ಕೇಳಿದರೆ ಪುಕ್ಕಟೆ. ಅಪ್ಪ ಕೈಕಟ್ಟಿ ಅರ್ಧ ಗಂಟೆ ನಿಂತರು, ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ಕೇಳುವ ಹಾಗೆ. ವಾಪಸ್ ಬರುವಾಗ ಒಂದನೇ ನಂಬರ್ ದೋಣಿಯಲ್ಲಿ ಏಳೆಂಟು ಜನ ಮಾತ್ರ. ದೊಡ್ಡ ಮನೆಗಳ ಕಿಟಕಿಯೊಳಗೆ ದೀಪ ಹಾಕಿರುತ್ತಾರೆ, ಕೆಳಗೆ ನೀರಿನಲ್ಲಿ ಕೂತವರಿಗೆ ಆ ಮನೆಗಳ ಸೂರು ಮಾತ್ರ ಕಾಣುತ್ತದೆ, ಬಣ್ಣ ಬಳಿದ ತೊಲೆಗಳು, ಒಂದರಲ್ಲಿ ಚಿತ್ರ ಬಿಡಿಸಿದ ಇಡೀ ಆಕಾಶ. ಹಗಲು ಎರಡು ಸಲ ಅದೇ ದಾರಿಯಲ್ಲಿ ಹೋಗಿದ್ದೆವು, ಒಂದೂ ಸೂರು ಕಂಡಿರಲಿಲ್ಲ.

ಒಟ್ಟು ಐದು ಸಲ ಸೇತುವೆ ದಾಟಿದೆ ಅಂತ ಅಮ್ಮ ಲೆಕ್ಕ ಇಟ್ಟಿದ್ದಳು. ಗೆಟ್ಟೋಗೆ ಹೋಗಿ ಬರಲು ನಾಲ್ಕು. ಐದನೆಯದು ರಿಯಾಲ್ಟೋ. ಬೇಡ ಅಂದರೂ ಕೇಳಲಿಲ್ಲ, ಇಷ್ಟು ದೂರ ಬಂದು ಅದನ್ನು ಕೆಳಗಿಂದ ನೋಡಿ ಹೋಗೋದೇನೇ ಅಂತ ಹಟ ಹಿಡಿದಳು. ಬೆಳಿಗ್ಗೆ ಏಳಕ್ಕೆ ಮಾರುಕಟ್ಟೆ ಕಡೆಯಿಂದ ಹತ್ತಿಸಿದೆವು. ಅಂಗಡಿಗಳ ಬಾಗಿಲು ಇನ್ನೂ ತೆಗೆದಿರಲಿಲ್ಲ, ಕೆಳಗೆ ಕಸದ ದೋಣಿ, ಹಾಲಿನ ಡಬ್ಬದ ದೋಣಿ, ಯಾರದೋ ವಾಷಿಂಗ್ ಮೆಷಿನ್ ಹೊತ್ತ ದೋಣಿ. ನಡುವೆ ನಿಂತು ಸುಧಾರಿಸಿಕೊಂಡಳು. ಮೈಸೂರಿಗೆ ಫೋನ್ ಹಚ್ಚಿ ಚಿಕ್ಕಮ್ಮನಿಗೆ ವಾಷಿಂಗ್ ಮೆಷಿನ್ ತೋರಿಸಿದಳು.

ಹೊರಟ ದಿನ ಬೆಳಿಗ್ಗೆ ಅಮ್ಮ ಅಡುಗೆಮನೆ ಪೂರ್ತಿ ತೊಳೆದಳು. ಬಾಡಿಗೆಯಲ್ಲೇ ಶುಚಿ ಮಾಡುವ ದುಡ್ಡೂ ಸೇರಿದೆ ಅಂದೆ, ಕೇಳಿಸಿಕೊಳ್ಳಲಿಲ್ಲ. ಮೋಕಾವನ್ನು ಮೂರು ಭಾಗ ಬಿಚ್ಚಿ, ಒರೆಸಿ, ಬಟ್ಟೆ ಮೇಲೆ ಕವುಚಿ ಹಾಕಿದಳು. ಬೀಗದ ಕೈ ಪೆಟ್ಟಿಗೆಯಲ್ಲಿ ಹಾಕಿ, ಓಣಿಯಿಂದ ಹೊರಗೆ ಬಂದು, ಸೂಟ್‌ಕೇಸ್ ಎಳೆದುಕೊಂಡು ಹೋದರೆ ಆರೇ ನಿಮಿಷಕ್ಕೆ ಪ್ಲಾಟ್‌ಫಾರ್ಮ್. ರೈಲು ವೆರೋನಾ ದಾಟಿದಮೇಲೆ ಅಮ್ಮನಿಗೆ ನೆನಪಾಯಿತು, ಕಾಫಿಪುಡಿಯ ಡಬ್ಬ ಅಲ್ಲೇ ಸಕ್ಕರೆ ಪಕ್ಕದಲ್ಲಿ ಉಳಿದುಹೋಗಿತ್ತು. ಇನ್ನೂ ಅರ್ಧ ಇತ್ತಂತೆ. ಮುಂದೆ ಆ ಮನೆಗೆ ಬಂದವರು ಒತ್ತಿ ತುಂಬದೆ ಇದ್ದರೆ ಸಾಕು ಅನ್ನುವುದು ಮ್ಯೂನಿಕ್ ತಲುಪುವ ತನಕ ಅವಳ ಚಿಂತೆ.